ನಮ್ಮ ಮಂದಿ ಅಂದರೆ ಯಾರು?

(ಬನಶಂಕರಿಯಲ್ಲಿ ಈಚೆಗೆ ನಮ್ಮ ವರದಿಗಾರರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಕಡೆ ‘ಮಂದಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬರೀ ಮಂದಿ ಎಂದರೆ ಹೊರಗಿನವರು. ‘ಮಂದಿ ಏನಂದಾರು’ ಎಂದು ತಾಯಿ ಮಗಳನ್ನು ಗದರಿಸುವಾಗ ಆ ಮಂದಿ ನಾವಲ್ಲ, ನಮ್ಮನ್ನು ನೋಡುತ್ತಿರುವವರು. ‘ಮಂದಿ ಮಕ್ಕಳು’ ಎಂದರೆ ಪರರ ಮಕ್ಕಳು. ಆದರೆ ಅದರ ಹಿಂದೆ ‘ನಮ್ಮ’ ಎಂಬ ಎರಡಕ್ಷರ ಸೇರಿಸಿದೊಡನೆ ಅರ್ಥ ತಿರುಗುಮುರುಗಾಗುತ್ತದೆ. ‘ಅವರು ನಮ್ಮ ಮಂದಿ’ ಎಂದರೆ ನಮ್ಮ ಜಾತಿಯವರು, ನಾಳೆ ಬೀಗರಾಗಬಲ್ಲವರು. ಚುನಾವಣೆ ಬಂತೆಂದರೆ ಬಾದಾಮಿಯ ಚಹಾದಂಗಡಿಗಳಲ್ಲಿ ಮೊದಲು ಕಿವಿಗೆ ಬೀಳುವ ಪ್ರಶ್ನೆಯೇ ಇದು: ‘ನಿಂತಾಂವ ನಮ್ಮ ಮಂದಿ ಏನು?’

ಸಂವಿಧಾನದ ಪೀಠಿಕೆಯಲ್ಲೂ ಒಂದು ‘ನಾವು’ ಇದೆ. ಚಹಾದಂಗಡಿಯ ‘ನಮ್ಮ ಮಂದಿ’ಗೂ ಪೀಠಿಕೆಯ ‘ನಾವು’ಗೂ ಇರುವ ಅಂತರವೇ ಇವತ್ತಿನ ನನ್ನ ವಿಷಯ. ಧರ್ಮ, ಜಾತಿ, ಮಠ ಇವು ಆ ಅಂತರದಲ್ಲಿ ಏನು ಮಾಡುತ್ತವೆ, ಮತ ಕೊಟ್ಟವನಿಗೆ ಅದರಿಂದ ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ವರದಿಗಾರನಾಗಿ ಕಂಡಷ್ಟು, ಓದಿದಷ್ಟು ಹೇಳುತ್ತೇನೆ. ನಾನು ಇತಿಹಾಸದ ವಿದ್ವಾಂಸನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಸುದ್ದಿಯ ಬೆನ್ನು ಹತ್ತಿದವನು.

ಮೊದಲಿಗೆ ಈ ಊರಿನಿಂದಲೇ ಹೊರಡೋಣ. ಇಲ್ಲಿಂದ ಐದಾರು ಕಿಲೋಮೀಟರ್ ಆಚೆ, ಬಾದಾಮಿಯ ಕೋಟೆ ಗುಡ್ಡದ ಬಂಡೆಯ ಮೇಲೆ ಕ್ರಿ.ಶ. 543ರ ಒಂದು ಶಾಸನವಿದೆ. ಚಾಲುಕ್ಯರ ಒಂದನೇ ಪುಲಕೇಶಿ ಕೋಟೆ ಕಟ್ಟಿದ್ದನ್ನೂ, ಅಶ್ವಮೇಧ ಮೊದಲಾದ ಯಾಗಗಳನ್ನು ಮಾಡಿದ್ದನ್ನೂ ಅದು ಹೇಳುತ್ತದೆ. ‘ನಾನೇಕೆ ರಾಜ’ ಎಂಬ ಪ್ರಶ್ನೆಗೆ ಅವನ ಉತ್ತರ ಆ ಯಾಗದಲ್ಲಿತ್ತು. ಊರ ಮಂದಿಯನ್ನು ಕೇಳುವ ಪ್ರಮೇಯವೇ ಇರಲಿಲ್ಲ. ಅದಾಗಿ 1475 ವರ್ಷಗಳ ಬಳಿಕ, 2018ರ ಮೇ ತಿಂಗಳಲ್ಲಿ, ರಾಜ್ಯದ ಮುಖ್ಯಮಂತ್ರಿಯೊಬ್ಬರು ಇದೇ ಬಾದಾಮಿಯಲ್ಲಿ ಮತ ಕೇಳುತ್ತ ನಿಂತರು. ಗೆದ್ದರು, ಆದರೆ 1,696 ಮತಗಳಿಂದ. ಸಿದ್ದರಾಮಯ್ಯನವರು ಮೈಸೂರು ಜಿಲ್ಲೆಯವರು. ಎದುರಾಳಿ ಬಿ. ಶ್ರೀರಾಮುಲು ಬಳ್ಳಾರಿಯವರು. ಇಬ್ಬರೂ ಪರಸ್ಥಳದವರೇ. ಆದರೂ ಇಲ್ಲಿನ ಕುರುಬ ಸಮಾಜದ ಎಷ್ಟೋ ಮನೆಗಳಲ್ಲಿ ಒಬ್ಬರು, ನಾಯಕ ಸಮಾಜದ ಎಷ್ಟೋ ಮನೆಗಳಲ್ಲಿ ಇನ್ನೊಬ್ಬರು ರಾತ್ರಿ ಬೆಳಗಾಗುವುದರೊಳಗೆ ‘ನಮ್ಮ ಮಂದಿ’ ಆಗಿಬಿಟ್ಟರು. ನಾಲ್ಕು ನೂರು ಕಿಲೋಮೀಟರ್ ದೂರವನ್ನು ಒಂದು ಮಾತು ಅಳಿಸಿಹಾಕಬಲ್ಲದು ಎಂಬುದನ್ನು ಆಗ ಹುಡುಗನಾಗಿದ್ದ ನಾನು ಕಣ್ಣಾರೆ ಕಂಡೆ. ಅದೇ ಚುನಾವಣೆಯಲ್ಲಿ ಸಿದ್ದರಾಮಯ್ಯನವರು ತಮ್ಮ ತವರಿನ ಚಾಮುಂಡೇಶ್ವರಿ ಕ್ಷೇತ್ರದಲ್ಲಿ 36 ಸಾವಿರ ಮತಗಳಿಂದ ಸೋತಿದ್ದರು.

ಈಗ ಒಂದು ಪದದ ವಿಚಾರ. ಪಾಪ್ಯುಲಿಸಂ ಎಂಬುದಕ್ಕೆ ನಮ್ಮ ಪತ್ರಿಕೆಗಳಲ್ಲಿ ಜನಪ್ರಿಯ ರಾಜಕಾರಣ, ಜನರಂಜಕ ರಾಜಕಾರಣ ಎಂದೆಲ್ಲ ಬರೆಯುತ್ತೇವೆ. ಬರೆಯುವಾಗ ನಮ್ಮ ತಲೆಯಲ್ಲಿರುವುದು ಉಚಿತ ಅಕ್ಕಿ, ಉಚಿತ ಬಸ್ಸು. ಅದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಬಡವನಿಗೆ ಅಕ್ಕಿ ಕೊಡುವುದು ಒಳ್ಳೆಯ ನೀತಿಯೋ ಕೆಟ್ಟ ನೀತಿಯೋ ಎಂದು ವಾದಿಸಬಹುದು, ಮುಂದಿನ ಸರಕಾರ ಅದನ್ನು ಬದಲಿಸಲೂಬಹುದು. ನಿಜವಾದ ಜನರಂಜಕ ರಾಜಕಾರಣ ಬೇರೆ. ‘ನಿಜವಾದ ಜನ ಎಂದರೆ ಇವರು ಮಾತ್ರ, ಇವರ ಪರವಾಗಿ ಮಾತನಾಡಲು ನನ್ನೊಬ್ಬನಿಗೇ ಹಕ್ಕು, ನನ್ನನ್ನು ಒಪ್ಪದವನು ಜನರಲ್ಲೇ ಸೇರಿಲ್ಲ’ ಎಂಬ ಮೂರು ಮಾತುಗಳು ಒಟ್ಟಿಗೆ ಬಂದಾಗ ಅದು ಹುಟ್ಟುತ್ತದೆ. ಇದಕ್ಕೆ ಧರ್ಮದಷ್ಟು ಅನುಕೂಲವಾದ ಸಾಮಗ್ರಿ ಇನ್ನೊಂದಿಲ್ಲ. ‘ನಿಜವಾದ ಜನ’ರನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಹಣೆಯ ಮೇಲೆ, ಕೊರಳಲ್ಲಿ, ಹೆಸರಿನ ಕೊನೆಯಲ್ಲಿ ಗುರುತು ಮೊದಲೇ ಇದೆ.

ಇದು ನಮ್ಮದೊಂದೇ ರೋಗ ಎಂದು ತಿಳಿಯಬೇಡಿ. ಪಾರ್ಲಿಮೆಂಟುಗಳ ತಾಯಿ ಎನಿಸಿಕೊಂಡ ಇಂಗ್ಲೆಂಡಿನಲ್ಲಿ 1829ರವರೆಗೆ ಕೆಥೋಲಿಕನೊಬ್ಬ ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ಅದನ್ನು ಮುರಿದವನು ಐರ್ಲೆಂಡಿನ ವಕೀಲ ಡೇನಿಯಲ್ ಓಕಾನೆಲ್. ಅವನ ಸಂಘಕ್ಕೆ ಬಡ ರೈತರು ತಿಂಗಳಿಗೊಂದು ಪೆನ್ನಿ ಕೊಡುತ್ತಿದ್ದರು. ವಸೂಲಿಗೆ ಪಾದ್ರಿಗಳು ನೆರವಾಗುತ್ತಿದ್ದರು. 1828ರಲ್ಲಿ ಕ್ಲೇರ್ ಕ್ಷೇತ್ರದಲ್ಲಿ ಅವನು ನಿಂತಾಗ ಜಮೀನ್ದಾರರ ಕಣ್ಣೆದುರೇ, ಅವರ ಮಾತು ಮೀರಿ, ಆ ರೈತರು ಅವನಿಗೆ ಮತ ಹಾಕಿದರು. ಆಗ ಗುಪ್ತ ಮತದಾನ ಇರಲಿಲ್ಲ ಎಂಬುದನ್ನು ನೆನಪಿಡಿ. ಮುಂದಿನ ವರ್ಷ ಸರಕಾರ ಮಣಿಯಿತು, ಕೆಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. ಆದರೆ ಅದೇ ಹೊತ್ತಿಗೆ ಇನ್ನೊಂದು ಕಾನೂನು ಬಂತು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಮತ ಹಾಕಲು ಬೇಕಾದ ಆಸ್ತಿಯ ಮಿತಿ 40 ಶಿಲಿಂಗಿನಿಂದ 10 ಪೌಂಡಿಗೆ ಏರಿತು, ಅಂದರೆ ಐದು ಪಟ್ಟು. ಓಕಾನೆಲ್‌ನನ್ನು ಗೆಲ್ಲಿಸಿದ ಸಣ್ಣ ರೈತರೇ ಮತದಾರರ ಪಟ್ಟಿಯಿಂದ ಹೊರಬಿದ್ದರು. ನಾಯಕ ಒಳಗೆ ಹೋದ, ಹೊತ್ತು ತಂದವರು ಹೊರಗುಳಿದರು. ಧರ್ಮದ ಹೆಸರಿನ ಪ್ರಾತಿನಿಧ್ಯದ ಸುದ್ದಿ ಬಂದಾಗಲೆಲ್ಲ ನನಗೆ ಈ ಕ್ಲೇರಿನ ರೈತರ ನೆನಪಾಗುತ್ತದೆ. ಗೆದ್ದವರು ಯಾರು ಎಂದು ಕೇಳುವುದರ ಜೊತೆಗೆ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು.

ಇನ್ನೊಬ್ಬ ಚಾರ್ಲ್ಸ್ ಬ್ರಾಡ್ಲಾ. ದೇವರನ್ನು ನಂಬದವನು. 1880ರಲ್ಲಿ ನಾರ್ತಾಂಪ್ಟನ್ನಿನ ಜನ ಅವನನ್ನು ಆರಿಸಿದರು. ದೇವರ ಹೆಸರಿನ ಪ್ರಮಾಣದ ತಕರಾರೆದ್ದು ಸಭೆ ಅವನನ್ನು ಒಳಗೆ ಬಿಡಲಿಲ್ಲ. ಉಪಚುನಾವಣೆ ನಡೆಯಿತು, ಜನ ಮತ್ತೆ ಅವನನ್ನೇ ಕಳಿಸಿದರು. ಮತ್ತೆ ತಡೆ, ಮತ್ತೆ ಗೆಲುವು. ಕಡೆಗೆ 1886ರಲ್ಲಿ ಅವನು ಕುರ್ಚಿಯಲ್ಲಿ ಕೂತ. ಅವನ ಕ್ಷೇತ್ರದವರೆಲ್ಲ ನಾಸ್ತಿಕರೇನೂ ಆಗಿರಲಿಲ್ಲ. ‘ನಮ್ಮ ಪ್ರತಿನಿಧಿ ಯಾರೆಂದು ಹೇಳುವವರು ನಾವು’ ಎಂಬುದಷ್ಟೇ ಅವರ ಹಟ. ಇದೇ ಬ್ರಾಡ್ಲಾ 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಹೋದವನು.

ನಮ್ಮಲ್ಲಿ ಬ್ರಿಟಿಷರು ಬೇರೆ ದಾರಿ ಹಿಡಿದರು. 1909ರ ಕಾಯಿದೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತದಾರ ವರ್ಗ ಬಂತು. ಅವರ ಪ್ರತಿನಿಧಿಯನ್ನು ಅವರೇ ಆರಿಸಬೇಕು, ಬೇರೆಯವರ ಮತ ಅದಕ್ಕೆ ಬೀಳುವಂತಿಲ್ಲ. ಮೇಲುನೋಟಕ್ಕೆ ನ್ಯಾಯವೆಂದೇ ಕಾಣುತ್ತದೆ. ಅಲ್ಪಸಂಖ್ಯಾತರ ದನಿ ಮುಳುಗಿಹೋಗದಿರಲಿ ಎಂಬ ಕಾಳಜಿ ಸುಳ್ಳಲ್ಲ. ತೊಂದರೆ ಎಲ್ಲಿ ಎಂದರೆ, ತನ್ನ ಧರ್ಮದವರ ಮತ ಮಾತ್ರ ಸಾಕಾದ ಅಭ್ಯರ್ಥಿಗೆ ಬೇರೆಯವರ ಮನೆಯ ಬಾಗಿಲು ಬಡಿಯುವ ಕೆಲಸವೇ ಉಳಿಯುವುದಿಲ್ಲ. ವಿಭಜನೆಯ ಬೆಂಕಿ ಕಂಡ ಸಂವಿಧಾನ ಸಭೆ ಆ ಪದ್ಧತಿಯನ್ನು ಕೈಬಿಟ್ಟಿತು. 1949ರ ಮೇ ತಿಂಗಳಲ್ಲಿ ಧರ್ಮದ ಆಧಾರದ ಕಾದಿಟ್ಟ ಸ್ಥಾನಗಳನ್ನೂ ಬಿಟ್ಟಿತು. ಪರಿಶಿಷ್ಟರ ಸ್ಥಾನಗಳು ಉಳಿದವು. ಆದರೆ ಅವರನ್ನು ಆರಿಸುವವರು ಕ್ಷೇತ್ರದ ಎಲ್ಲ ಮತದಾರರು.

ಅದೇ ಸಭೆಯಲ್ಲಿ ಸ್ವಾರಸ್ಯಕರವಾದ ಒಂದು ಪ್ರಸಂಗ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎಂಬ ಸದಸ್ಯರು ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ಮಂಡಿಸಿದರು. ದೇವರನ್ನು ಮತಕ್ಕೆ ಹಾಕಬೇಡಿ ಎಂದು ಕೆಲವರು ಬೇಡಿಕೊಂಡರೂ ಕಾಮತರು ಬಿಡಲಿಲ್ಲ. ಪರ 41, ವಿರುದ್ಧ 68. ದೇವರು ಸೋತ ಎಂದು ನಗುವವರು ನಗಲಿ. ವಿರುದ್ಧ ಮತ ಹಾಕಿದವರಲ್ಲಿ ದೈವಭಕ್ತರಿಗೇನೂ ಕೊರತೆ ಇರಲಿಲ್ಲ. ಒಬ್ಬರ ನಂಬಿಕೆಯನ್ನು ಎಲ್ಲರ ಬಾಯಲ್ಲಿ ಹೇಳಿಸಬಾರದು ಎಂಬುದು ಅವರ ವಾದವಾಗಿತ್ತು.

ಆಮೇಲೆ ಬಂದದ್ದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ. ಅದರ 123ನೇ ಕಲಮಿನ 3ನೇ ಉಪಕಲಮು ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಚುನಾವಣಾ ಭ್ರಷ್ಟಾಚಾರ ಎನ್ನುತ್ತದೆ. ‘ಅವನ ಧರ್ಮ’ ಎಂದರೆ ಅಭ್ಯರ್ಥಿಯದೋ ಮತದಾರನದೋ ಎಂಬ ಜಗ್ಗಾಟ ಬಹುಕಾಲ ನಡೆಯಿತು. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಇಬ್ಬರದೂ’ ಎಂದಿತು. ಆದರೆ ತೀರ್ಪು 4ಕ್ಕೆ 3. ಭಿನ್ನಮತದ ಮೂವರ ಮಾತನ್ನೂ ಕೇಳಬೇಕು. ಜಾತಿ, ಧರ್ಮದ ಕಾರಣಕ್ಕೇ ತುಳಿಸಿಕೊಂಡವನು ತನ್ನ ಸಂಕಟವನ್ನು ಹೇಳುವಾಗ ಅವುಗಳ ಹೆಸರೆತ್ತದೆ ಹೇಗೆ ಹೇಳಿಯಾನು, ಅದನ್ನು ತಡೆದರೆ ಪ್ರಜಾಪ್ರಭುತ್ವದ ಬಾಯನ್ನೇ ಕಟ್ಟಿದಂತಾಗದೇ ಎಂಬುದು ಅವರ ನಿಲುವಿನ ಸಾರ. ಕಾನೂನು ಬಲ್ಲ ದೊಡ್ಡವರಲ್ಲೇ ಒಮ್ಮತವಿಲ್ಲದ ಜಾಗ ಇದು. ‘ಧರ್ಮವನ್ನು ರಾಜಕಾರಣದಿಂದ ದೂರ ಇಡಿ’ ಎಂದು ಭಾಷಣ ಬಿಗಿದು ಕೂತುಬಿಡುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ತಿರುಗಾಡಿದವನಿಗೆ ಅದು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಯಾಕೆಂದರೆ ಇಲ್ಲಿ ಮಠ ಎಂದರೆ ಪೂಜೆ ಮಾತ್ರ ಅಲ್ಲ. ಸರಕಾರಿ ಶಾಲೆ ಇಲ್ಲದ ಕಾಲದಲ್ಲಿ ಅಕ್ಷರ ಕಲಿಸಿದ್ದು, ಹಳ್ಳಿಯ ಹುಡುಗನಿಗೆ ಪ್ರಸಾದ ನಿಲಯದಲ್ಲಿ ಅನ್ನ ಹಾಕಿದ್ದು ಮಠ. ತಹಸೀಲ್ದಾರರ ಕಚೇರಿಯಲ್ಲಿ ಕೆಲಸವಾಗದ ರೈತ ‘ಬುದ್ಧಿ, ಒಂದು ಮಾತು ಹೇಳ್ರಿ’ ಎಂದು ಹೋಗಿ ನಿಲ್ಲುವುದು ಅಲ್ಲಿ. ಶಾಸಕನ ಮನೆಗಿಂತ ಮಠದ ಬಾಗಿಲು ಹತ್ತಿರ. ಹಾಗಿದ್ದಮೇಲೆ ಸ್ವಾಮಿಗಳು ಪ್ರತಿನಿಧಿಗಳಂತೆ ಮಾತನಾಡತೊಡಗಿದ್ದರಲ್ಲಿ ಆಶ್ಚರ್ಯವೇನಿದೆ? ಇನ್ನೊಂದು ಕಾರಣವೂ ಇದೆ. 1985ರ ಪಕ್ಷಾಂತರ ನಿಷೇಧ ಕಾಯಿದೆ ಬಂದಮೇಲೆ ಶಾಸಕ ಸದನದಲ್ಲಿ ಪಕ್ಷದ ಆದೇಶ ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಕುದುರೆ ವ್ಯಾಪಾರ ತಡೆಯಲು ಬಂದ ಕಾನೂನು ಅದು. ವ್ಯಾಪಾರ ನಿಂತದ್ದನ್ನು ನಾವೇನೂ ಕಾಣಲಿಲ್ಲ. ಶಾಸಕರ ಬಾಯಿ ನಿಂತದ್ದನ್ನು ಮಾತ್ರ ಕಂಡೆವು. ಆ ಖಾಲಿ ಜಾಗಕ್ಕೆ ಕಾವಿ ಬಂತು.

2021ರ ಜನವರಿಯನ್ನು ನೆನಪಿಸಿಕೊಳ್ಳಿ. ಸಂಕ್ರಾಂತಿಯ ದಿನ, 14ರಂದು, ನಮ್ಮ ಹುನಗುಂದ ತಾಲ್ಲೂಕಿನ ಕೂಡಲಸಂಗಮದಿಂದ ಬಸವ ಜಯಮೃತ್ಯುಂಜಯ ಸ್ವಾಮೀಜಿ ಪಾದಯಾತ್ರೆ ಹೊರಟರು. ಪಂಚಮಸಾಲಿ ಲಿಂಗಾಯತರಿಗೆ 2ಎ ಮೀಸಲಾತಿ ಬೇಕೆಂಬುದು ಬೇಡಿಕೆ. ಮರುದಿನವೇ ಕಾಗಿನೆಲೆಯಿಂದ ಇನ್ನೊಂದು ಪಾದಯಾತ್ರೆ ಹೊರಟಿತು, ಕುರುಬರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು. ಅದರ ಮುಂದೆಯೂ ಸ್ವಾಮೀಜಿಯೇ. ಎರಡೂ ಬೆಂಗಳೂರಿನ ಕಡೆಗೇ. ಎರಡೂ ಯಾತ್ರೆಗಳಲ್ಲಿ ಎಲ್ಲ ಪಕ್ಷಗಳ ಶಾಸಕರು ಹೆಜ್ಜೆ ಹಾಕಿದರು. ಸದನದ ಒಳಗೆ ಕೂತು ಕಾನೂನು ಮಾಡಬೇಕಾದವರು ರಸ್ತೆಯಲ್ಲಿ ಸ್ವಾಮಿಗಳ ಹಿಂದೆ ನಡೆಯುತ್ತ ಕಾನೂನು ಬೇಡುವ ದೃಶ್ಯ!

ಪಂಚಮಸಾಲಿಗಳ ಬೇಡಿಕೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮಳೆ ನಂಬಿದ ಎರೆ ಹೊಲದಲ್ಲಿ ಕಡಲೆ, ಜೋಳ ಬಿತ್ತಿ ಸಾಲದಲ್ಲಿ ಮುಳುಗಿದವನಿಗೆ ರಾಜ್ಯ ಕಂಡ ಲಿಂಗಾಯತ ಮುಖ್ಯಮಂತ್ರಿಗಳ ಉದ್ದನೆಯ ಪಟ್ಟಿ ತೋರಿಸಿ ‘ನೀವು ಮುಂದುವರಿದವರು’ ಎಂದರೆ ಅವನು ಸಿಟ್ಟಾಗದೆ ಇನ್ನೇನು ಮಾಡಿಯಾನು? ಆದರೆ ಅವನು ಕೇಳುತ್ತಿರುವ 2ಎ ಪಟ್ಟಿಯಲ್ಲಿ ಮೊದಲೇ ಕುರುಬರಿದ್ದಾರೆ, ನೇಕಾರ ಸಮುದಾಯಗಳಿವೆ, ಅಗಸರು, ಕುಂಬಾರರು ಹೀಗೆ ನೂರಕ್ಕೂ ಮಿಕ್ಕಿದ ಸಣ್ಣಪುಟ್ಟ ಜಾತಿಗಳಿವೆ. ಎಲ್ಲರಿಗೂ ಸೇರಿ ಶೇ 15. ಆ ಸಣ್ಣವರಲ್ಲಿ ಹಲವರಿಗೆ ಮಠವಿಲ್ಲ, ಪಾದಯಾತ್ರೆ ಮಾಡಿಸುವ ಶಕ್ತಿಯೂ ಇಲ್ಲ. ‘ನಮ್ಮ ಮಂದಿ’ ಎಂದು ಕೂಗುವವರು ಒಬ್ಬರೂ ಇಲ್ಲದ ಮಂದಿ ಅವರು.

ಮುಂದಿನದು ನಿಮಗೆ ಗೊತ್ತೇ ಇದೆ. ಚುನಾವಣೆ ಹತ್ತಿರ ಬಂದಾಗ, 2023ರ ಮಾರ್ಚ್ 24ರಂದು, ಬಸವರಾಜ ಬೊಮ್ಮಾಯಿಯವರ ಸಂಪುಟ ಮುಸ್ಲಿಮರ 2ಬಿ ಮೀಸಲಾತಿ ಶೇ 4ನ್ನು ತೆಗೆದು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಎಂದು ಹಂಚಿತು. ಒಬ್ಬರ ತಾಟಿನಿಂದ ತೆಗೆದು ಇಬ್ಬರ ತಾಟಿಗೆ ಬಡಿಸಿದಂತೆ. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಸರಕಾರವೇ ಅದನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಹೇಳಿತು. 1995ರಿಂದ ಇದ್ದ ಸೌಲಭ್ಯ ಅದು. ತೆಗೆಯುವ ಮುನ್ನ ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ದುಡಿದು ತಿನ್ನುವ ಮುಸ್ಲಿಂ ಕುಟುಂಬಗಳನ್ನು ಕೇಳಿದವರಿಲ್ಲ. ಧರ್ಮನಿರಪೇಕ್ಷತೆ ಸಂವಿಧಾನದ ಮೂಲರಚನೆಯ ಭಾಗ ಎಂದು 1994ರಲ್ಲಿ ಹೇಳಿದ ತೀರ್ಪು ಈ ಮುಖ್ಯಮಂತ್ರಿಯವರ ತಂದೆ ಎಸ್.ಆರ್. ಬೊಮ್ಮಾಯಿಯವರ ಹೆಸರಿನಲ್ಲೇ ದೇಶದ ಕಾನೂನು ಪುಸ್ತಕಗಳಲ್ಲಿ ಉಳಿದಿದೆ. ಇತಿಹಾಸ ಕೆಲವೊಮ್ಮೆ ಹೀಗೆ ಆಟವಾಡುತ್ತದೆ.

ಇದು ಒಂದೇ ಪಕ್ಷದ ಕಥೆಯಲ್ಲ. 2018ರ ಮಾರ್ಚ್ 19ರಂದು ಸಿದ್ದರಾಮಯ್ಯನವರ ಸಂಪುಟ ನಾಗಮೋಹನ್ ದಾಸ್ ಸಮಿತಿಯ ವರದಿ ಒಪ್ಪಿ ಬಸವತತ್ವ ನಂಬುವ ಲಿಂಗಾಯತರಿಗೆ, ವೀರಶೈವ ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ಕೊಡಲು ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಲಿಂಗಾಯತ ಸ್ವತಂತ್ರ ಧರ್ಮವೇ ಎಂಬುದು ಗಂಭೀರ ಪ್ರಶ್ನೆ, ವಿದ್ವಾಂಸರು ತಲೆಮಾರುಗಳಿಂದ ಚರ್ಚಿಸಿದ್ದು. ಆದರೆ ಅದನ್ನು ಮತಪೆಟ್ಟಿಗೆಯ ಬಳಿ ತಂದಿಟ್ಟಾಗ ಪ್ರಶ್ನೆ ಸಣ್ಣದಾಯಿತು, ಜಗಳ ದೊಡ್ಡದಾಯಿತು. ಒಂದೇ ಮನೆಯ ಅಣ್ಣತಮ್ಮಂದಿರು ‘ನೀ ವೀರಶೈವ, ನಾ ಲಿಂಗಾಯತ’ ಎಂದು ಮುಖ ತಿರುವಿದ್ದನ್ನು ನೋಡಿದ್ದೇನೆ. ಕೇಂದ್ರ ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಗದುಗಿನಲ್ಲಿ ಡಿ.ಕೆ. ಶಿವಕುಮಾರ್ ಅವರು, ಸರಕಾರ ಧರ್ಮದ ವಿಷಯದಲ್ಲಿ ಕೈಹಾಕಿ ತಪ್ಪು ಮಾಡಿತು ಎಂದು ಕ್ಷಮೆ ಕೇಳಿದರು.

ಈಗ ನನಗೆ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಶಾಸಕನೂ ‘ನಮ್ಮ ಮಂದಿ’ ಎನ್ನುತ್ತಾನೆ, ಸ್ವಾಮೀಜಿಯೂ ಎನ್ನುತ್ತಾರೆ. ವ್ಯತ್ಯಾಸ ಎಲ್ಲಿದೆ? ಶಾಸಕನನ್ನು ಐದು ವರ್ಷಕ್ಕೊಮ್ಮೆ ನಾವು ಇಳಿಸಬಹುದು. ಅವನಿಗೆ ಮತ ಹಾಕದವನೂ ಅವನ ಮನೆಯ ಮುಂದೆ ನಿಂತು ‘ನೀ ನನ್ನ ಶಾಸಕ, ರಸ್ತೆ ಮಾಡಿಸು’ ಎನ್ನಬಹುದು. ಭಕ್ತ ಗುರುವನ್ನು ಹಾಗೆ ಇಳಿಸುವಂತಿಲ್ಲ. ಭಕ್ತನಲ್ಲದವನಿಗೆ ಕೇಳುವ ಹಕ್ಕೇ ಇಲ್ಲ. ಕ್ಷೇತ್ರದಲ್ಲಿ ಸೋತವರ ಮತಗಳನ್ನೂ ಎಣಿಸಿ ಬರೆದಿಡುತ್ತಾರೆ. ಬಾದಾಮಿಯಲ್ಲಿ 2018ರಲ್ಲಿ ಸೋತ ಅಭ್ಯರ್ಥಿಗೂ 65 ಸಾವಿರಕ್ಕೆ ಮೀರಿದ ಮತಗಳಿದ್ದವು. ‘ಇಡೀ ಸಮಾಜ ನಮ್ಮ ಹಿಂದಿದೆ’ ಎನ್ನುವ ವೇದಿಕೆಯಲ್ಲಿ ಒಪ್ಪದವರ ಎಣಿಕೆ ಎಂಬುದೇ ಇರುವುದಿಲ್ಲ. ಗುರುವನ್ನು ಇಳಿಸುವ ಪ್ರಸಂಗ ಬಂದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡೆವು. 2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣಸೌಧದ ಬಳಿ ಪಂಚಮಸಾಲಿ ಹೋರಾಟಗಾರರ ಮೇಲೆ ಲಾಠಿ ಬೀಸಲಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ, ಹುನಗುಂದದ ಶಾಸಕರೇ ಅಧ್ಯಕ್ಷರಾಗಿರುವ ಟ್ರಸ್ಟು ಸ್ವಾಮೀಜಿಯನ್ನು ಕೂಡಲಸಂಗಮದ ಪೀಠದಿಂದ ತೆಗೆಯುವುದಾಗಿ ಪ್ರಕಟಿಸಿತು. ಸ್ವಾಮೀಜಿ ಅದನ್ನು ಒಪ್ಪಲಿಲ್ಲ. ಸರಿ ಯಾರದು, ತಪ್ಪು ಯಾರದು ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ನೂರಾರು ಕಿಲೋಮೀಟರ್ ನಡೆದು ಕಾಲಲ್ಲಿ ಬೊಬ್ಬೆ ಎಬ್ಬಿಸಿಕೊಂಡ ಸಾಮಾನ್ಯ ರೈತನಿಗೆ ಈ ನಿರ್ಧಾರದಲ್ಲಿ ಒಂದು ಮತವೂ ಇರಲಿಲ್ಲ.

ಇಲ್ಲಿ ಅನುಭವ ಮಂಟಪದ ಮಾತು ಬಂದೇ ಬರುತ್ತದೆ. ಅದು ಜಗತ್ತಿನ ಮೊದಲ ಸಂಸತ್ತು ಎಂದು ಎಲ್ಲ ಪಕ್ಷದವರೂ ಹೇಳುತ್ತಾರೆ. ಕೇಳಲು ಹೆಮ್ಮೆಯೇ. ನನಗನ್ನಿಸುವುದು ಸ್ವಲ್ಪ ಬೇರೆ. ಅಲ್ಲಿಗೆ ಬಂದವರೆಂದು ನಾವು ನೆನೆಯುವ ಅಂಬಿಗರ ಚೌಡಯ್ಯನಾಗಲಿ, ಮಡಿವಾಳ ಮಾಚಯ್ಯನಾಗಲಿ, ಆಯ್ದಕ್ಕಿ ಲಕ್ಕಮ್ಮನಾಗಲಿ ತಮ್ಮ ಜಾತಿಯ ಪ್ರತಿನಿಧಿಗಳಾಗಿ ಬಂದವರಲ್ಲ. ಅವರು ಮಾತನಾಡಿದ್ದು ತಮ್ಮ ಕಾಯಕದಿಂದ, ತಮ್ಮ ಅನುಭವದಿಂದ. ಯಾರೂ ಯಾರ ಪರವಾಗಿಯೂ ಮಾತನಾಡದೆ ಎಲ್ಲರೂ ತಾವೇ ಮಾತನಾಡಿದ ಕೂಟವನ್ನು ಸಂಸತ್ತೆನ್ನುವುದು ಒಂದು ರೀತಿಯಲ್ಲಿ ಅದನ್ನು ಕೆಳಗಿಳಿಸಿದಂತೆ.

ನಮ್ಮ ಪತ್ರಿಕೆಯವರ ತಪ್ಪನ್ನೂ ಹೇಳಿಬಿಡುತ್ತೇನೆ. ಚುನಾವಣೆ ಬಂದಾಗ ಪ್ರತಿ ಕ್ಷೇತ್ರದ ಜಾತಿ ಲೆಕ್ಕದ ಪಟ್ಟಿ ಮುದ್ರಿಸುತ್ತೇವಲ್ಲ, ಲಿಂಗಾಯತರು ಇಷ್ಟು ಸಾವಿರ, ಕುರುಬರು ಇಷ್ಟು ಸಾವಿರ ಎಂದು, ಆ ಅಂಕಿಗಳು ಎಲ್ಲಿಂದ ಬರುತ್ತವೆ ಗೊತ್ತೇ? ಪಕ್ಷಗಳ ಕಚೇರಿಯಿಂದ, ಹಿಂದಿನ ಸಲದ ಪತ್ರಿಕೆಯಿಂದ, ಕೆಲವೊಮ್ಮೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ. 2023ರಲ್ಲಿ, ಕೆಲಸ ಕಲಿಯುತ್ತಿದ್ದಾಗ, ನಾನೂ ಅಂಥದೊಂದು ಪಟ್ಟಿ ತಯಾರಿಸಿದೆ. ಎಲ್ಲ ಜಾತಿಗಳನ್ನು ಕೂಡಿಸಿದಾಗ ಮೊತ್ತ ಕ್ಷೇತ್ರದ ಮತದಾರರ ಸಂಖ್ಯೆಗಿಂತ ಹೆಚ್ಚಾಯಿತು. ಹಿರಿಯರೊಬ್ಬರು ನಕ್ಕು ‘ಎಲ್ಲರದೂ ಚೂರುಚೂರು ಕಡಿಮಿ ಮಾಡು’ ಎಂದರು. ಮಾಡಿದೆ. ಅಚ್ಚಾಯಿತು. ಮರುದಿನ ಒಬ್ಬ ಅಭ್ಯರ್ಥಿ ಅದೇ ಪಟ್ಟಿಯನ್ನು ವೇದಿಕೆಯ ಮೇಲೆ ಓದಿದ.

ಆ ಲೆಕ್ಕ ನಿಜವೇ ಆಗಿದ್ದರೆ ನಮ್ಮ ಜಿಲ್ಲೆಯ ಫಲಿತಾಂಶ ಪ್ರತಿ ಸಲ ಒಂದೇ ಆಗಬೇಕಿತ್ತು. ಏಳು ಸ್ಥಾನಗಳಲ್ಲಿ 2013ರಲ್ಲಿ ಕಾಂಗ್ರೆಸ್ಸಿಗೆ 6, ಬಿಜೆಪಿಗೆ 1. 2018ರಲ್ಲಿ ಬಿಜೆಪಿಗೆ 5, ಕಾಂಗ್ರೆಸ್ಸಿಗೆ 2. 2023ರಲ್ಲಿ ಕಾಂಗ್ರೆಸ್ಸಿಗೆ 5, ಬಿಜೆಪಿಗೆ 2. ಈ ಹತ್ತು ವರ್ಷಗಳಲ್ಲಿ ಯಾರ ಜಾತಿಯೂ ಬದಲಾಗಲಿಲ್ಲ, ಯಾವ ಮಠವೂ ಊರು ಬಿಟ್ಟು ಹೋಗಲಿಲ್ಲ. ಬದಲಾದದ್ದು ಮತದಾರರ ಮನಸ್ಸು. ಇನ್ನೂ ಹಿಂದೆ ಹೋಗಿ. 1990ರ ಅಕ್ಟೋಬರಿನಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ್ದರಿಂದ ಲಿಂಗಾಯತರು ಕಾಂಗ್ರೆಸ್ಸನ್ನು ಬಿಟ್ಟರು ಎಂಬುದು ಈಗ ಪಾಠಪುಸ್ತಕದ ಮಾತಿನಂತಾಗಿದೆ. 1994ರಲ್ಲಿ ಪಕ್ಷ 34 ಸ್ಥಾನಕ್ಕೆ ಕುಸಿದದ್ದು ನಿಜ. ಆದರೆ ನಡುವೆ 1991ರ ಲೋಕಸಭಾ ಚುನಾವಣೆಯಲ್ಲಿ ಅದೇ ಕಾಂಗ್ರೆಸ್ ರಾಜ್ಯದ 28ರಲ್ಲಿ 23 ಗೆದ್ದಿತ್ತು. ಆ ಸಲ ಬಾಗಲಕೋಟೆಯಲ್ಲಿ ಸೋತವರು ಯಾರು? ಎರಡು ಅವಧಿಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ. ಸೋಲಿಸಿದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಸರಕಾರಕ್ಕೆ ಕಾದು ಕಾದು ಬೇಸತ್ತ ರೈತರು ತಾವೇ ಹಣ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲ, ಅದರ ಮುಂದಾಳು. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. ಅವರ ಜಾತಿ ಗೆಲುವಿಗೆ ಸಹಾಯ ಮಾಡಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೆಸರಿನ ಮುಂದೆ ಜನ ಅಂಟಿಸಿದ್ದು ಜಾತಿಯನ್ನಲ್ಲ, ಬ್ಯಾರೇಜನ್ನು. ನೀರು ಬಂದಾಗ ‘ನಮ್ಮ ಮಂದಿ’ ಎಂದರೆ ಹೊಳೆ ದಂಡೆಯ ಎಲ್ಲರೂ.

ಸ್ವಾಮಿಗಳಲ್ಲೂ ಬೇರೆ ಬಗೆಯವರನ್ನು ಈ ನೆಲ ಕಂಡಿದೆ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಕಾಳಲ್ಲ, ಕಾಸಲ್ಲ. ‘ನಿಮ್ಮ ಚಟ ನನ್ನ ಜೋಳಿಗೆಗೆ ಹಾಕಿ’ ಎಂಬುದು ಅವರ ಬೇಡಿಕೆ. ಕುಡಿತ, ತಂಬಾಕು ಬಿಡುತ್ತೇವೆಂದು ಜನ ಆಣೆ ಮಾಡಿ ಹಾಕಿದರು. ಜಾತಿ ನೋಡದೆ ಕೇರಿಕೇರಿಗೆ ಹೋದರು. 2018ರಲ್ಲಿ, ಬಾದಾಮಿಯ ಆ ಜಿದ್ದಾಜಿದ್ದಿಯ ಚುನಾವಣೆ ನಡೆದ ತಿಂಗಳಲ್ಲೇ, ಅವರು ಲಿಂಗೈಕ್ಯರಾದರು. ಬೇಡಲು ಮನೆಗೆ ಬರುವ ಗುರು ನಮ್ಮ ಪರವಾಗಿ ಮಾತನಾಡುವುದಿಲ್ಲ. ನಮ್ಮೊಡನೆ ಮಾತನಾಡುತ್ತಾನೆ.

ಇಲ್ಲೇ ಹೊರಗೆ ನಿಂತಿರುವ ತೇರನ್ನು ನೋಡಿ. ಬನದ ಹುಣ್ಣಿಮೆಯ ದಿನ ಅದನ್ನೆಳೆಯುವ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರಬೇಕು. ಜಿಲ್ಲೆ ಬೇರೆಯಾದರೂ ಬರುತ್ತದೆ. ಬನಶಂಕರಿ ಚಾಲುಕ್ಯರ ಕುಲದೇವತೆ, ದೇವಾಂಗದವರ ಕುಲದೇವತೆ, ಎಷ್ಟೋ ಬ್ರಾಹ್ಮಣ ಮನೆತನಗಳ ಕುಲದೇವತೆ. ಅಷ್ಟೊಂದು ‘ನಮ್ಮ ಮಂದಿ’ಗಳು ಒಂದೇ ಹಗ್ಗ ಹಿಡಿಯುತ್ತಾರೆ. ಯಾರೂ ‘ಎಲ್ಲರ ಪರವಾಗಿ ನಾನೊಬ್ಬನೇ ಎಳೆಯುತ್ತೇನೆ’ ಎಂದದ್ದನ್ನು ನಾನು ಕೇಳಿಲ್ಲ.

ಕಡೆಯದಾಗಿ ಒಂದು ಸಣ್ಣ ಪ್ರಸಂಗ ಹೇಳಿ ಕೂರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಎಂದು ವಾರಗಟ್ಟಲೆ ವೇದಿಕೆಗಳಲ್ಲಿ ಜಗ್ಗಾಟ. ಹಿಂದೂ ಎಂದು ಬರೆಸಿ ಎಂದು ಕೆಲವು ಸ್ವಾಮಿಗಳು, ಲಿಂಗಾಯತ ಎಂದು ಬರೆಸಿ ಎಂದು ಕೆಲವರು, ವೀರಶೈವ ಲಿಂಗಾಯತ ಎಂದು ಇನ್ನು ಕೆಲವರು. ಆ ದಿನಗಳಲ್ಲಿ ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಂದು ಮನೆಗೆ ಸಮೀಕ್ಷೆಗೆ ಬಂದ ಶಿಕ್ಷಕಿಯ ಹಿಂದೆ ನಾನೂ ಹೋಗಿದ್ದೆ. ಬಾಗಿಲಲ್ಲಿ ಅರವತ್ತು ದಾಟಿದ ಅವ್ವ ಕಂಡಿಕೆ ಸುತ್ತುತ್ತ ಕೂತಿದ್ದಳು. ಒಳಗೆ ಎರಡು ಕೈಮಗ್ಗ, ಒಂದರ ಮೇಲೆ ನೂಲು ಇರಲಿಲ್ಲ. ‘ಅವ್ವಾ, ಧರ್ಮ ಯಾವ್ದು ಬರಕೊಳ್ಲಿ?’ ಎಂದು ಶಿಕ್ಷಕಿ ಕೇಳಿದರು. ಒಳಗಿನಿಂದ ಮೊಮ್ಮಗ ಫೋನು ಹಿಡಿದು ಓಡಿ ಬಂದ. ಏನು ಬರೆಸಬೇಕೆಂದು ಅದರಲ್ಲಿ ಸಂದೇಶ ಬಂದಿತ್ತು. ಅವನು ಓದಿ ಹೇಳಿದ, ಶಿಕ್ಷಕಿ ಒತ್ತಿಕೊಂಡರು. ಜಾತಿಯೂ ಆಯಿತು, ಉಪಜಾತಿಯೂ ಆಯಿತು.

ಅವ್ವ ಕಂಡಿಕೆ ಕೆಳಗಿಟ್ಟು ಕೇಳಿದಳು: ‘ಮಗ್ಗ ನಿಂತು ಆರು ತಿಂಗಳಾತು. ಅದನ್ನ ಎಲ್ಲಿ ಬರಸೂದವ್ವಾ?’

‘ಅದು ಮುಂದ ಬರ್ತೈತಿ, ತಡೀರಿ’ ಎಂದರು ಶಿಕ್ಷಕಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿತ್ತು. ಫೋನನ್ನು ಎತ್ತಿ ಹಿಡಿದು ಅವರು ಓಣಿಯ ತುದಿಯವರೆಗೆ ನಡೆದರು. ಅವ್ವ ಮತ್ತೆ ಕಂಡಿಕೆ ಕೈಗೆ ತೆಗೆದುಕೊಂಡು, ಅವರು ತಿರುಗಿ ಬರುವುದನ್ನು ನೋಡುತ್ತ ಬಾಗಿಲಲ್ಲೇ ಕೂತಿದ್ದಳು.